ಕಾರ್ಪೆಟ್ ಮೇಲೆ ಸಾಂಬಾರ್ ಚೆಲ್ಲಿದರೆ ಸೋಡಾ ಹಾಕಿ ತಿಕ್ಕಬೇಡಿ! ಯಾವ ಕಲೆಗೆ ಅಡುಗೆಮನೆಯ ಯಾವ ವಸ್ತು?

ಕಾರ್ಪೆಟ್ ಮೇಲೆ ಸಾಂಬಾರ್ ಚೆಲ್ಲಿದ ತಕ್ಷಣ ಅನೇಕರು ಮಾಡುವ ಕೆಲಸ ಒಂದೇ. ಅಡುಗೆ ಸೋಡಾ ಅಥವಾ ಬಟ್ಟೆ ಒಗೆಯುವ ಪುಡಿ ಉದುರಿಸಿ, ಬ್ರಷ್ ಹಿಡಿದು ತಿಕ್ಕುವುದು. ಸ್ವಲ್ಪ ಹೊತ್ತಿಗೆ ಹಳದಿ ಇದ್ದ ಕಲೆ ಕೆಂಪಾಗುತ್ತದೆ. ಗಾಬರಿಯಾಗಿ ಇನ್ನಷ್ಟು ಪುಡಿ ಹಾಕಿದರೆ ಇನ್ನಷ್ಟು ಕೆಂಪು.

ಇದಕ್ಕೆ ಕಾರಣ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ಅಂಶ. ಸೋಡಾ, ಸಾಬೂನು, ಸುಣ್ಣದಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ. ಇದು ನಮ್ಮವರಿಗೆ ಹೊಸ ವಿಷಯವೇನಲ್ಲ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದೂ ಇದೇ ಕಾರಣಕ್ಕೆ. ಪೂಜೆಯಲ್ಲಿ ಚೆಂದ ಕಾಣುವ ಈ ರಸಾಯನಶಾಸ್ತ್ರ ಬಾಡಿಗೆ ಮನೆಯ ಕಾರ್ಪೆಟ್ ಮೇಲೆ ನಡೆದರೆ ಮಾತ್ರ ಕಷ್ಟ. ಮುಂಬೈ, ಪುಣೆಯಂಥ ಊರುಗಳಲ್ಲಿ ಫರ್ನಿಶ್ಡ್ ಫ್ಲ್ಯಾಟ್ ಹಿಡಿದವರಿಗೆ ಮನೆ ಬಿಡುವಾಗ ಡೆಪಾಸಿಟ್‌ನಲ್ಲಿ ಎಷ್ಟು ಕಡಿತವಾದೀತು ಎಂಬ ಚಿಂತೆಯೂ ಸೇರಿಕೊಳ್ಳುತ್ತದೆ.

ಹಾಗಾಗಿ ಕಲೆ ಯಾವುದರದು, ಕಾರ್ಪೆಟ್ ಯಾವುದರದು ಎಂಬುದನ್ನು ನೋಡಿದ ಮೇಲೆಯೇ ಕೈಗೆ ಸಿಕ್ಕ ಡಬ್ಬಿ ತೆರೆಯುವುದು ಒಳ್ಳೆಯದು.

ಮೊದಲು ಕಾರ್ಪೆಟ್ ಯಾವುದೆಂದು ತಿಳಿಯಿರಿ

ಹಿಂಬದಿಯ ಲೇಬಲ್ ನೋಡಿ. ಅದು ಇಲ್ಲದಿದ್ದರೆ ಅಂಚಿನಿಂದ ಒಂದೇ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಂತಾದರೆ ನೈಲಾನ್, ಪಾಲಿಪ್ರೊಪಿಲೀನ್‌ನಂಥ ಸಿಂಥೆಟಿಕ್. ಕಾಗದದ ಹಾಗೆ ಉರಿದರೆ ಹತ್ತಿ ಅಥವಾ ಸೆಣಬು.

ಮನೆಮದ್ದುಗಳನ್ನು ಸಾಮಾನ್ಯವಾಗಿ ತಡೆದುಕೊಳ್ಳುವುದು ಸಿಂಥೆಟಿಕ್ ಕಾರ್ಪೆಟ್. ಭದೋಹಿ–ಮಿರ್ಜಾಪುರ ಅಥವಾ ಕಾಶ್ಮೀರದ ಕೈಮಗ್ಗದ ಉಣ್ಣೆ, ರೇಷ್ಮೆ ಕಾರ್ಪೆಟ್‌ಗಳ ಕಥೆ ಬೇರೆ. ಉಣ್ಣೆಗೆ ಕ್ಷಾರ ಆಗಿಬರುವುದಿಲ್ಲ. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯ ಎಳೆಯನ್ನೇ ಕರಗಿಸುತ್ತದೆ. ಕಲೆ ಹೋಗುತ್ತದೆ, ಜೊತೆಗೆ ಕಾರ್ಪೆಟ್ ಕೂಡ! ಸೆಣಬಿನ ಹಾಸಿಗೆ ಬರೀ ನೀರು ಬಿದ್ದರೂ ಕಂದು ಕಲೆ ಉಳಿಯಬಹುದು, ಆದ್ದರಿಂದ ಅದಕ್ಕೆ ನೀರು ಆದಷ್ಟು ಕಡಿಮೆ ಇರಲಿ. ಊರಿಂದ ತಂದ ನವಲಗುಂದದ ಜಮಖಾನ ಇದ್ದರೆ, ಅದು ಹತ್ತಿಯದು. ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಮುಂದುವರಿಯಿರಿ. ಈ ಮೂಲೆ ಪರೀಕ್ಷೆ ಎಲ್ಲ ಕಾರ್ಪೆಟ್‌ಗೂ, ಎಲ್ಲ ವಸ್ತುವಿಗೂ ಅನ್ವಯಿಸುತ್ತದೆ.

ತಿಕ್ಕಬೇಡಿ, ಒತ್ತಿ

ಗಟ್ಟಿ ಪದಾರ್ಥವನ್ನು ಚಮಚದಿಂದ ಎತ್ತಿ. ಉಳಿದದ್ದನ್ನು ಬಿಳಿ ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಿ. ಬಟ್ಟೆ ಕೊಳೆಯಾದಂತೆ ಮಡಿಕೆ ಬದಲಿಸುತ್ತಿರಿ. ಅಂಚಿನಿಂದ ನಡುವಿನ ಕಡೆಗೆ ಬಂದರೆ ಕಲೆ ಹರಡುವುದಿಲ್ಲ. ಬ್ರಷ್ ಹಾಕಿದರೆ ಕಲೆ ಬುಡಕ್ಕೆ ಇಳಿಯುತ್ತದೆ, ಎಳೆಗಳೂ ಬಿಚ್ಚಿಕೊಳ್ಳುತ್ತವೆ. ಬಣ್ಣದ ಟವೆಲ್ ಬಳಸಿದರೆ ಅದರ ಬಣ್ಣವೇ ಇನ್ನೊಂದು ಕಲೆಯಾದೀತು.

ಅರಿಶಿನಕ್ಕೆ ಸ್ಪಿರಿಟ್, ಆಮೇಲೆ ಬಿಸಿಲು

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು. ಎಣ್ಣೆ ಮತ್ತು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಎಷ್ಟು ನೀರು ಹಾಕಿದರೂ ಸಾಂಬಾರಿನ ಕಲೆ ಜಗ್ಗದಿರುವುದು ಇದಕ್ಕೇ. ಅದರಲ್ಲಿ ಒಗ್ಗರಣೆಯ ಎಣ್ಣೆಯೂ ಇರುವುದರಿಂದ ಮೊದಲು ಕಾರ್ನ್‌ಫ್ಲೋರ್ ಉದುರಿಸಿ ಅರ್ಧ ಗಂಟೆ ಬಿಡಿ. ಎಣ್ಣೆ ಹೀರಿದ ಪುಡಿಯನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ.

ನಂತರ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಅನ್ನು ಬಟ್ಟೆಗೆ ಹಾಕಿಕೊಂಡು ಕಲೆಯ ಮೇಲೆ ಒತ್ತಿ. ನೇರವಾಗಿ ಸುರಿದರೆ ಕಾರ್ಪೆಟ್ ಅಡಿಯ ಅಂಟು ಸಡಿಲವಾಗಬಹುದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಗ್ಯಾಸ್ ಒಲೆ ಉರಿಯುತ್ತಿರಬಾರದು. ಹಳದಿ ಬಟ್ಟೆಗೆ ಬರುವುದು ನಿಲ್ಲುವವರೆಗೂ ಬಟ್ಟೆಯ ಹೊಸ ಭಾಗದಿಂದ ಒತ್ತುತ್ತಿರಿ. ಈಗಾಗಲೇ ಸೋಡಾ ಹಾಕಿ ಕೆಂಪಾಗಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಒತ್ತಿ. ಬಣ್ಣ ಮತ್ತೆ ಹಳದಿಗೆ ತಿರುಗುತ್ತದೆ. ಕಲೆ ಹೋಗಿರುವುದಿಲ್ಲ, ಆದರೆ ಮೊದಲಿನ ಸ್ಥಿತಿಗೆ ಬಂದಿರುತ್ತದೆ.

ಉಳಿದ ಮಸುಕು ಹಳದಿಗೆ ಅತ್ಯಂತ ಅಗ್ಗದ ಮದ್ದು ಬಿಸಿಲು. ಬೆಳಕಿನಲ್ಲಿ ಕರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಎತ್ತಬಹುದಾದ ಕಾರ್ಪೆಟ್ ಆಗಿದ್ದರೆ ಕಲೆಯ ಭಾಗ ಮಾತ್ರ ಕಾಣುವಂತೆ ಉಳಿದದ್ದನ್ನು ಹಳೆ ಬೆಡ್‌ಶೀಟ್‌ನಿಂದ ಮುಚ್ಚಿ, ಬಾಲ್ಕನಿಯಲ್ಲಿ ಕೆಲವು ದಿನ ಹಾಕಿ. ಉಣ್ಣೆಯ ಮೇಲೆ ಮಾತ್ರ ಹೆಚ್ಚಿನ ನಿರೀಕ್ಷೆ ಬೇಡ. ಅರಿಶಿನ ಉಣ್ಣೆಗೆ ಬಣ್ಣ ಹಾಕಲು ಬಳಕೆಯಲ್ಲಿದ್ದ ವಸ್ತು, ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ.

ಚಹಾ, ಕಾಫಿ ಮತ್ತು ಉಳಿದವು

ಕಪ್ಪು ಚಹಾಕ್ಕೆ ನಿಂಬೆರಸ ಹಿಂಡಿದರೆ ಬಣ್ಣ ತಿಳಿಯಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಸೋಡಾ ಹಾಕಿದರೆ ಅದೇ ಚಹಾ ಇನ್ನಷ್ಟು ಕಪ್ಪಾಗುತ್ತದೆ. ಕಲೆಯಲ್ಲೂ ಅದೇ ನಿಯಮ. ನಮ್ಮ ಚಹಾ, ಕಾಫಿಯಲ್ಲಿ ಹಾಲು ಇರುತ್ತದೆ. ಬಿಸಿ ನೀರು ಹಾಕಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲು ತಣ್ಣೀರು, ಆಮೇಲೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ನಾಲ್ಕೈದು ಹನಿ, ಕೊನೆಗೆ ಮೇಲೆ ಹೇಳಿದ ವಿನೆಗರ್ ನೀರು. ಪ್ರತಿ ಹಂತದ ನಂತರವೂ ಒಣ ಬಟ್ಟೆಯಿಂದ ಹೀರಿಸಿ. ಲಿಕ್ವಿಡ್ ಜಾಸ್ತಿಯಾದರೆ ಅಂಟು ಉಳಿದು, ತಿಂಗಳೊಳಗೆ ಅದೇ ಜಾಗಕ್ಕೆ ಧೂಳು ಹಿಡಿಯುತ್ತದೆ.

ರಕ್ತಕ್ಕೂ ತಣ್ಣೀರೇ. ಕುಂಕುಮ, ರಂಗೋಲಿ ಪುಡಿ ಬಿದ್ದರೆ ನೀರು ತಾಗಿಸದೆ ವ್ಯಾಕ್ಯೂಮ್ ಮಾಡಿ. ಒದ್ದೆಯಾದರೆ ಬಣ್ಣ ಹಿಡಿದೇ ಹಿಡಿಯುತ್ತದೆ. ಬಾಲ್‌ಪೆನ್ ಶಾಯಿಗೆ ಸ್ಪಿರಿಟ್. ದೀಪದ ಎಣ್ಣೆ, ತುಪ್ಪಕ್ಕೆ ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪೌಡರ್. ಮೇಣದ ಬತ್ತಿಯ ಮೇಣವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಇಟ್ಟು ಗಟ್ಟಿ ಮಾಡಿ ಕೆರೆದು ತೆಗೆಯಿರಿ. ಇಸ್ತ್ರಿ ಪೆಟ್ಟಿಗೆ ಉಪಾಯ ಸಿಂಥೆಟಿಕ್ ಕಾರ್ಪೆಟ್ ಮೇಲೆ ಬೇಡ, ಎಳೆಯೇ ಕರಗೀತು.

ಮಕ್ಕಳು, ನಾಯಿ–ಬೆಕ್ಕು ಮಾಡಿದ ಮೂತ್ರವನ್ನು ಮೊದಲು ಪೂರ್ತಿ ಹೀರಿಸಿ, ತಣ್ಣೀರು, ನಂತರ ವಿನೆಗರ್ ನೀರು ಬಳಸಿ. ಅಡುಗೆ ಸೋಡಾಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಸಿಂಥೆಟಿಕ್ ಕಾರ್ಪೆಟ್ ಒಣಗಿದ ಮೇಲೆ ಉದುರಿಸಿ ರಾತ್ರಿಯಿಡೀ ಬಿಟ್ಟರೆ ವಾಸನೆ ಕಡಿಮೆಯಾಗುತ್ತದೆ.

ಇವನ್ನು ಬೆರೆಸಬೇಡಿ

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ನೊರೆ ಬರಿಸುವ ವಿಡಿಯೊಗಳು ನೋಡಲು ಚೆನ್ನಾಗಿರುತ್ತವೆ. ಆಮ್ಲ, ಕ್ಷಾರ ಎರಡೂ ಪರಸ್ಪರ ಸೇರಿ ಶಕ್ತಿ ಕಳೆದುಕೊಂಡ ಮೇಲೆ ಉಳಿಯುವುದು ಹೆಚ್ಚುಕಡಿಮೆ ಒಂದು ಬಗೆಯ ಉಪ್ಪುನೀರು. ಅದರಿಂದ ಅಪಾಯವಿಲ್ಲ, ದೊಡ್ಡ ಪ್ರಯೋಜನವೂ ಇಲ್ಲ.

ಅಪಾಯ ಇರುವುದು ಬ್ಲೀಚ್‌ನಲ್ಲಿ. ಅದಕ್ಕೆ ವಿನೆಗರ್, ನಿಂಬೆರಸ ಅಥವಾ ಟಾಯ್ಲೆಟ್ ಕ್ಲೀನರ್ ಆಸಿಡ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಸೇರಿದರೂ, ಮೂತ್ರದ ಕಲೆಯ ಮೇಲೆ ಬ್ಲೀಚ್ ಹಾಕಿದರೂ ಉಸಿರಾಟಕ್ಕೆ ತೊಂದರೆ ಕೊಡುವ ಅನಿಲ ಹುಟ್ಟುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಇದು ಆಸ್ಪತ್ರೆಗೆ ಓಡುವ ಸಂಗತಿ. ಕಣ್ಣು, ಗಂಟಲು ಉರಿಯತೊಡಗಿದರೆ ಒರೆಸಲು ನಿಲ್ಲಬೇಡಿ, ಹೊರಗೆ ಬನ್ನಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಹೇಳಿರಿ, ಬಾಟಲಿ ಹಿಡಿಯುವುದು ಬಹಳಷ್ಟು ಮನೆಗಳಲ್ಲಿ ಅವರೇ.

ಒಣಗಿದ ಮೇಲೆ ಕಲೆ ಮತ್ತೆ ಬಂದರೆ?

ಸಂಜೆ ಹೋದ ಕಲೆ ಬೆಳಗ್ಗೆ ಪ್ರತ್ಯಕ್ಷವಾಗುವುದುಂಟು. ಬುಡದಲ್ಲಿ ಉಳಿದ ದ್ರವ, ನೀರು ಆವಿಯಾಗುವಾಗ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಎಳೆಯ ತುದಿಗೆ ಏರುತ್ತದೆ. ಒದ್ದೆ ಜಾಗದ ಮೇಲೆ ದಪ್ಪ ಬಿಳಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೊಂದು ಭಾರದ ವಸ್ತು ಇಟ್ಟು ರಾತ್ರಿ ಬಿಟ್ಟರೆ ಕಲೆ ಬಟ್ಟೆಗೆ ಏರುತ್ತದೆ. ಬೆಳಗ್ಗೆ ಅದನ್ನು ತೆಗೆದು ಫ್ಯಾನ್ ಹಾಕಿ. ಚೆನ್ನೈನ ಸೆಕೆಗೂ ಮುಂಬೈ ಮಳೆಗಾಲಕ್ಕೂ ಈ ಹಂತ ಇನ್ನೂ ಮುಖ್ಯ, ಅಡಿಭಾಗ ಒದ್ದೆ ಉಳಿದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ.

ರೇಷ್ಮೆ ಅಥವಾ ದುಬಾರಿ ಉಣ್ಣೆ ಕಾರ್ಪೆಟ್ ಆಗಿದ್ದರೆ ಹೀರಿಸುವುದಷ್ಟನ್ನೇ ಮನೆಯಲ್ಲಿ ಮಾಡಿ, ಉಳಿದದ್ದನ್ನು ಕಾರ್ಪೆಟ್ ತೊಳೆಯುವವರಿಗೆ ಬಿಡಿ. ಕೊಡುವಾಗ ಏನು ಚೆಲ್ಲಿತ್ತು, ನೀವು ಏನೇನು ಹಾಕಿದ್ದೀರಿ ಎರಡನ್ನೂ ತಿಳಿಸಿ.