ಮನೆಯ ಗಣಕದಲ್ಲಿ ವೆಬ್ ಸರ್ವರ್: ಸ್ಥಾಪನೆ ಮತ್ತು ಸುರಕ್ಷತೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ, ಗೇರುಬೀಜ ವ್ಯಾಪಾರಿಗಳು ತಮ್ಮ ದರಪಟ್ಟಿಯನ್ನು ಮನೆಯ ಗಣಕದಿಂದಲೇ ಅಂತರ್ಜಾಲದಲ್ಲಿ ಪ್ರಕಟಿಸಬಹುದು. ಉಚಿತವಾಗಿ ದೊರೆಯುವ ಲಿನಕ್ಸ್ ಹಾಗೂ 1995ರಲ್ಲಿ ಬಿಡುಗಡೆಗೊಂಡ ಅಪಾಚೆ ತಂತ್ರಾಂಶಗಳು ಇದಕ್ಕೆ ಸಾಕು. ಅಂತರ್ಜಾಲ ಸಂಪರ್ಕದ ಸಂಸ್ಥೆಯಿಂದ ಸ್ಥಿರ ಐಪಿ ವಿಳಾಸ ಪಡೆದು, ರೌಟರ್‌ನಲ್ಲಿ 80 ಮತ್ತು 443ನೇ ಪೋರ್ಟ್‌ಗಳನ್ನಷ್ಟೇ ತೆರೆಯತಕ್ಕದ್ದು.

ಲೆಕ್ಕಪತ್ರಗಳಿರುವ ಗಣಕವನ್ನು ಸರ್ವರ್ ಆಗಿ ಬಳಸಲಾಗದು. ಅದೇ ಜಾಲದಲ್ಲಿ ಇರಿಸುವುದೂ ತರವಲ್ಲ. ಸರ್ವರ್‌ನೊಳಗೆ ನುಗ್ಗಿದವನಿಗೆ ಖಾತೆಪುಸ್ತಕವೇ ಕೈವಶವಾದೀತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಅಳವಡಿಸಿದಲ್ಲಿ ಗ್ರಾಹಕರ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆ. ತಂತ್ರಾಂಶದ ಪರಿಷ್ಕರಣೆಗಳನ್ನು ತಡಮಾಡದೆ ಅಳವಡಿಸಬೇಕು. ಕಡತಗಳ ಪ್ರತಿಯನ್ನು ಬೇರೆಡೆ ಕಾಪಿಡಬೇಕು. ಮಳೆಗಾಲದ ವಿದ್ಯುತ್ ವ್ಯತ್ಯಯಕ್ಕೆ ಯುಪಿಎಸ್ ಅಗತ್ಯ.

ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸರ್ವರ್‌ನ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು.