ಇಳಕಲ್ಲಿನ ಕೊಂಡಿ

ಹುನಗುಂದದ ಮಗ್ಗುಲಿನ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿಯಿಂದ ಕೂಡಿಸಬೇಕು. ಸೀರೆಯೊಂದು ಮುಗಿದರೆ ಆ ಕೆಲಸ ಮತ್ತೆ ಮೊದಲಿನಿಂದ.

1951ರಲ್ಲಿ 36 ಕೋಟಿಯಷ್ಟಿದ್ದ ಭಾರತದ ಜನಸಂಖ್ಯೆ 2011ರಲ್ಲಿ 121 ಕೋಟಿಯಾಯಿತು. ಉಡುವವರು ಹೆಚ್ಚಿದಂತೆ ನೇಯುವವರಿಗೆ ಸುಭಿಕ್ಷವಾಗಬೇಕಷ್ಟೆ? ಆಗಲಿಲ್ಲ. ಹೆಚ್ಚಿದ ಬೇಡಿಕೆಯ ಬಹುಭಾಗವನ್ನು ವಿದ್ಯುತ್ ಮಗ್ಗ ತನ್ನದಾಗಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಾಷೈರಿನ ಗಿರಣಿಗಳು ದೂರದಿಂದ ಮಾಡಿದುದನ್ನೇ ಈಗ ಪಕ್ಕದ ಓಣಿಯ ಯಂತ್ರ ಮಾಡುತ್ತಿದೆ. ಬಾದಾಮಿ ಸೀಮೆಯ ಗುಳೇದಗುಡ್ಡದ ಖಣಕ್ಕೂ ಇದೇ ಪಾಡು.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಕಾಯ್ದಿರಿಸುವ ಕಾಯಿದೆ 1985ರಲ್ಲಿ ಬಂದಿತು. ನನಗೆ ತೋರುವಂತೆ, ನೇಕಾರನನ್ನು ಅದಕ್ಕಿಂತ ಹೆಚ್ಚಾಗಿ ಕಾಯ್ದುದು ಯಂತ್ರಕ್ಕೆ ಸುಲಭವಾಗಿ ಒಗ್ಗದ ಈ ಕೊಂಡಿಯೇ. ಆದರೆ ಕೊಂಡಿಯಿಲ್ಲದ ಸೀರೆಯೂ ಅದೇ ಹೆಸರಿನಲ್ಲಿ ಅಗ್ಗವಾಗಿ ದೊರೆಯುವಾಗ, ಕೊಳ್ಳುವವರಲ್ಲಿ ಎಷ್ಟು ಮಂದಿ ಸೆರಗನ್ನು ತಿರುವಿ ನೋಡುತ್ತಾರೆ?