ಕಸದ ಗುಡ್ಡದ ಮೀಟರಿಗೆ ಸೀಲ್ ಹಾಕುವವರು ಯಾರು?

2025ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆಟೋ ದರ ಏರಿ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಆಯಿತಲ್ಲ, ಆಗ ಚಂದ್ರಾ ಲೇಔಟ್ ಬಸ್ ಸ್ಟ್ಯಾಂಡ್ ಹತ್ತಿರದ ಆಟೋದವರದ್ದು ಒಂದೇ ಗೊಣಗಾಟ: ಮೀಟರಿಗೆ ಹೊಸ ದರ ಕೂರಿಸಬೇಕು, ಕ್ಯೂ ನಿಂತು ಮತ್ತೆ ಸೀಲ್ ಹಾಕಿಸಬೇಕು, ಅರ್ಧ ದಿನದ ಬಾಡಿಗೆ ಹೋಯಿತು. ಮೀಟರ್ ಪರೀಕ್ಷೆಯ ತಿರುಳು ಸರಳ. ಮೊದಲೇ ಅಳೆದಿಟ್ಟ ದೂರ ಓಡಿಸಿ, ಮೀಟರ್ ಎಷ್ಟು ಹೇಳುತ್ತದೋ ನೋಡುವುದು. ಗೊತ್ತಿರುವ ದೂರವನ್ನೇ ತಪ್ಪು ಹೇಳುವ ಮೀಟರನ್ನು ನಂಬಿ ಗೊತ್ತಿಲ್ಲದ ಊರಿಗೆ ಯಾರು ಹತ್ತುತ್ತಾರೆ?

ಈ ಆಟೋಗಳಲ್ಲಿ ಎಷ್ಟೋ ಈಗ ಸಿಎನ್‌ಜಿಯವು. ಸಿಎನ್‌ಜಿ ಎಂದರೆ ಹೆಚ್ಚೂಕಮ್ಮಿ ಮೀಥೇನ್. ಊರ ಕಡೆಯ ಗೋಬರ್ ಗ್ಯಾಸ್‌ನಲ್ಲಿ ಉರಿಯುವುದೂ ಅದೇ. ಬೆಳಿಗ್ಗೆ ನಮ್ಮ ಬೀದಿಗೆ ಬರುವ ಕಸದ ಆಟೋಗೆ ಸುರಿಯುವ ಹಸಿ ಕಸ, ಅಂದರೆ ಮಿಕ್ಕ ಅನ್ನ, ಮೆಂತ್ಯ ಸೊಪ್ಪಿನ ದಂಟು, ಹಬ್ಬದ ಮರುದಿನದ ಬಾಳೆಎಲೆ, ಗಾಳಿಯಾಡದ ಹಾಗೆ ಹೂತುಹೋದರೆ ಹುಟ್ಟಿಸುವುದೂ ಅದನ್ನೇ. ಆಟೋದಿಂದ ಕಾಂಪ್ಯಾಕ್ಟರ್ ಲಾರಿ ಸೇರಿದ ಕಸ 80 ಅಡಿ ರಸ್ತೆಯುದ್ದಕ್ಕೂ ಕಪ್ಪು ನೀರು ತೊಟ್ಟಿಕ್ಕುತ್ತ ಹೊರಟುಹೋಗುತ್ತದೆ. ನಮ್ಮ ಮಟ್ಟಿಗೆ ಕತೆ ಮುಗಿಯಿತು.

ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಚೆ, ಕನ್ನಹಳ್ಳಿ, ಸೀಗೇಹಳ್ಳಿಗಳಲ್ಲಿ ಸಂಸ್ಕರಣಾ ಘಟಕಗಳಾದವು. ಸಂಸ್ಕರಣೆಗೆ ಸಿಗದ ಕಸ ಮಾತ್ರ ಗುಡ್ಡವನ್ನೇ ಸೇರುತ್ತ ಬಂತು. ಮಾವಳ್ಳಿಪುರದ ಕಸದ ಗುಡ್ಡ 2012ರಲ್ಲಿ ಮುಚ್ಚಿತು. ಮಂಡೂರಿನವರು ಬೀದಿಗಿಳಿದು 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕಲ್ಲುಕ್ವಾರಿಗಳ ಸರದಿ. ಲಾರಿ ನಿಂತರೂ ಅನಿಲ ನಿಲ್ಲುವುದಿಲ್ಲ. ಹೂತ ಕಸ ದಶಕಗಳ ಕಾಲ ಮೀಥೇನ್ ಬಿಡುತ್ತಲೇ ಇರುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜೋರು.

ಮೂಗನ್ನು ನಂಬುವಂತಿಲ್ಲ. ನಾಯಂಡಹಳ್ಳಿ ದಾಟುವಾಗ ವೃಷಭಾವತಿ ನದಿಯ ನಾತ ಮುಖಕ್ಕೆ ರಾಚುತ್ತದೆ, ಅದು ಬೇರೆ ಅನಿಲಗಳ ಕೆಲಸ. ಮೀಥೇನ್‌ಗೆ ವಾಸನೆಯೇ ಇಲ್ಲ, ಬಣ್ಣವೂ ಇಲ್ಲ. ಹಾಗಾಗಿ ಅದನ್ನು ಬೆಳಕಿನಿಂದ ಹಿಡಿಯುತ್ತಾರೆ. ಗುಡ್ಡದ ಒಂದು ಅಂಚಿನಲ್ಲಿ ಲೇಸರ್ ಪೆಟ್ಟಿಗೆ, ಇನ್ನೊಂದು ಅಂಚಿನಲ್ಲಿ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುವ ಕನ್ನಡಿ. ಸುಮಾರು 1.65 ಮೈಕ್ರಾನ್ ತರಂಗಾಂತರದ ಬೆಳಕನ್ನು ಮೀಥೇನ್ ಹೀರುತ್ತದೆ. ಹೋದದ್ದೆಷ್ಟು, ಬಂದದ್ದೆಷ್ಟು ನೋಡಿದರೆ ದಾರಿಯಲ್ಲಿದ್ದ ಅನಿಲ ಎಷ್ಟೆಂದು ತಿಳಿಯುತ್ತದೆ. ಗಾಳಿ ಹೊರಹೋಗುವ ಕಡೆ ಕಂಬ ನೆಟ್ಟು ಬೇರೆಬೇರೆ ಎತ್ತರದಲ್ಲಿ ಕನ್ನಡಿ ಕಟ್ಟಿದರೆ ಬೆಳಕಿನದೇ ಒಂದು ಗೋಡೆ ಎದ್ದಂತೆ. ಗಾಳಿಯ ವೇಗ ಸೇರಿಸಿ ಗುಣಿಸಿದರೆ ಗಂಟೆಗೆ ಇಷ್ಟು ಕಿಲೋ ಎಂಬ ಉತ್ತರ ಬರುತ್ತದೆ. ಅಮೆರಿಕದ ಪರಿಸರ ಸಂಸ್ಥೆ 2006ರಲ್ಲೇ ಇದನ್ನು ಓಟಿಎಂ-10 ಎಂಬ ವಿಧಾನವಾಗಿ ಬರೆದಿಟ್ಟಿತು.

ತಪ್ಪು ನುಸುಳುವುದು ಈ ಗುಣಾಕಾರಕ್ಕೆ ಹೋಗುವ ಅಳತೆಗಳಲ್ಲಿ. ಕನ್ನಡಿಯ ಮೇಲೆ ಲಾರಿ ಎಬ್ಬಿಸಿದ ಧೂಳು ಕೂತರೆ, ಮುಂಜಾನೆಯ ಇಬ್ಬನಿ ಹಿಡಿದರೆ, ವಾಪಸು ಬರುವ ಬೆಳಕು ಕ್ಷೀಣಿಸುತ್ತದೆ. ಅದು ಒಂದು ಮಟ್ಟಕ್ಕಿಂತ ಕಡಿಮೆಯಾದ ಹೊತ್ತಿನ ಅಳತೆಯನ್ನು ಎಸೆಯಬೇಕು. ದಿನದ ಕೆಲಸ ಶುರುವಾಗುವ ಮುಂಚೆ, ಗೊತ್ತಿರುವಷ್ಟೇ ಮೀಥೇನ್ ತುಂಬಿ ಮುಚ್ಚಿದ ಗಾಜಿನ ಕೋಶವನ್ನು ಬೆಳಕಿನ ದಾರಿಗೆ ಅಡ್ಡ ಹಿಡಿದು, ಯಂತ್ರ ಅಷ್ಟೇ ಓದುತ್ತದೆಯೇ ನೋಡಬೇಕು. ಗಾಳಿ ಬರುವ ಕಡೆಯೂ ಅಳೆಯಬೇಕು. ಬರೀ ಗಾಳಿಯಲ್ಲೇ ಈಗ ಹತ್ತು ಲಕ್ಷಕ್ಕೆ ಸುಮಾರು 1.9 ಭಾಗ ಮೀಥೇನ್ ಇದೆ, ಅದನ್ನು ಗುಡ್ಡದ ಲೆಕ್ಕಕ್ಕೆ ಬರೆಯುವಂತಿಲ್ಲ.

ನಮ್ಮೂರಿಗೇ ಸೇರಿದ ತೊಡಕು ಎರಡಿವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಯಂತ್ರವನ್ನು ಸಮುದ್ರಮಟ್ಟದ ಲೆಕ್ಕದಲ್ಲೇ ಬಿಟ್ಟರೆ ಅನಿಲದ ಪ್ರಮಾಣ ಸುಮಾರು ಶೇ 10ರಷ್ಟು ಕಡಿಮೆ ಬರಬಹುದು, ನೋಡುವವರಿಗೆ ಏನೂ ಅನುಮಾನ ಬರುವುದಿಲ್ಲ. ಎರಡನೆಯದು ಕ್ವಾರಿ. ಬೆಳಕಿನ ಗೋಡೆಯ ವಿಧಾನ ಮಟ್ಟಸವಾದ ಜಾಗದಲ್ಲಿ ಒಂದೇ ಸಮನೆ ಬೀಸುವ ಗಾಳಿಯನ್ನು ನೆಚ್ಚಿಕೊಂಡಿದೆ. ಕಲ್ಲುಗುಂಡಿಯೊಳಗೆ ಗಾಳಿ ಸುತ್ತುತ್ತದೆ, ನಿಲ್ಲುತ್ತದೆ, ತಿರುಗಿ ಬರುತ್ತದೆ. ಅಂಥಲ್ಲಿ ದಶಮಾಂಶದ ಬಳಿಕ ಎರಡು ಅಂಕಿ ಬರೆದ ವರದಿ ಕಂಡರೆ ನನಗಂತೂ ಗುಮಾನಿ.

ಇನ್ನು ಆಕಾಶದ ಕಣ್ಣು. ದೆಹಲಿ, ಮುಂಬೈ, ಲಾಹೋರ್, ಬ್ಯೂನಸ್ ಐರಿಸ್‌ಗಳನ್ನು ಉಪಗ್ರಹದಿಂದ ನೋಡಿದ 2022ರ ಅಧ್ಯಯನ, ಆ ನಗರಗಳ ಮೀಥೇನ್ ಕಾಗದದ ಲೆಕ್ಕಕ್ಕಿಂತ 1.4ರಿಂದ 2.6 ಪಟ್ಟು ಹೆಚ್ಚೆಂದಿತು. ಆ ಕಣ್ಣಿಗೂ ಪರೀಕ್ಷೆ ನಡೆದಿದೆ. 2021ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಸ್ಟ್ಯಾನ್‌ಫರ್ಡ್‌ನವರು ಪೈಪಿನಿಂದ ಅಳೆದು ಮೀಥೇನ್ ಬಿಟ್ಟರು. ಎಷ್ಟು ಬಿಟ್ಟರೆಂದು ಉಪಗ್ರಹ ತಂಡಗಳಿಗೆ ಹೇಳಲಿಲ್ಲ. ಆಟೋ ಮೀಟರಿನ ಪರೀಕ್ಷೆಯೇ, ದೂರದ ಬದಲು ಅನಿಲ. ತಂಡಗಳು ಕೊಟ್ಟ ಅಂದಾಜುಗಳಲ್ಲಿ ಮುಕ್ಕಾಲು ಪಾಲು ನಿಜಕ್ಕೆ ಶೇ 50ರಷ್ಟು ಆಚೀಚೆಯೊಳಗೆ ಬಂದವು. ಆ ಕ್ಷೇತ್ರಕ್ಕೆ ಅದು ಒಳ್ಳೆಯ ಫಲಿತಾಂಶ. ಆಟೋದ ಭಾಷೆಯಲ್ಲಿ ಹೇಳುವುದಾದರೆ 36 ರೂಪಾಯಿ ಬಾಡಿಗೆಗೆ ಮೀಟರ್ ನಾಲ್ಕರಲ್ಲಿ ಮೂರು ಸಲ 18ರಿಂದ 54ರ ನಡುವೆ ಏನಾದರೂ ತೋರಿಸಿದಂತೆ. ಅದೂ ಒಂದೇ ಪೈಪಿನಿಂದ ಹೊರಟ ಅನಿಲಕ್ಕೆ. ಎಕರೆಗಟ್ಟಲೆ ಬಿರುಕುಗಳಿಂದ ಉಸಿರಾಡುವ ಗುಡ್ಡದ ಪಾಡು ಬೇರೆ.

ನಮ್ಮ 2016ರ ಘನತ್ಯಾಜ್ಯ ನಿಯಮ ಮೀಥೇನ್‌ಗೆ ಮಿತಿ ಹಾಕಿತು: ಸ್ಫೋಟಕ ಮಟ್ಟದ ಕೆಳಮಿತಿಯ ಶೇ 25 ಮೀರಬಾರದು. ಗಾಳಿಯಲ್ಲಿ ಶೇ 5ರಷ್ಟು ಮೀಥೇನ್ ಇದ್ದರೆ ಹೊತ್ತಿಕೊಳ್ಳಬಹುದು. ಅದರ ಕಾಲುಭಾಗವೆಂದರೆ ಹತ್ತು ಲಕ್ಷಕ್ಕೆ 12,500. ಅಮೆರಿಕದ ನಿಯಮದಲ್ಲಿ ಗುಡ್ಡದ ಮೇಲ್ಮೈಯಲ್ಲಿ 500 ದಾಟಿದರೆ ದುರಸ್ತಿ ಮಾಡಬೇಕು. ನಮ್ಮದು ಬೆಂಕಿ ಬೀಳದಿರಲಿ ಎಂಬ ನಿಯಮ, ಅವರದು ಸೋರಿಕೆ ಹುಡುಕುವ ನಿಯಮ. ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ, ಆದರೆ ಯಾವುದಕ್ಕೆ ಎಂಥ ಯಂತ್ರ ಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ. 12,500 ನೋಡಲು ಸಾಧಾರಣ ಸೆನ್ಸರ್ ಸಾಕು.

ಮೊದಲು ಹೇಳಿದ ಕ್ವಾರಿಯ ಸುಳಿಗಾಳಿಗೆ ಒಂದು ಉಪಾಯ ಇದೆ, ಡೆನ್ಮಾರ್ಕ್‌ನವರು ಬಹಳ ಬಳಸಿದ್ದು. ಗುಡ್ಡದ ಮೇಲೆ ಅಸಿಟಿಲೀನ್ ಸಿಲಿಂಡರ್ ಇಟ್ಟು ಗಂಟೆಗೆ ಇಷ್ಟೇ ಎಂದು ಬಿಡುತ್ತಾರೆ. ಸಾಕಷ್ಟು ದೂರದ ರಸ್ತೆಯಲ್ಲಿ ವ್ಯಾನ್ ಓಡಿಸುತ್ತ ಎರಡೂ ಅನಿಲಗಳನ್ನು ಬೆಳಕಿನಿಂದ ಅಳೆಯುತ್ತಾರೆ. ಗಾಳಿ ಹೇಗೇ ಸುತ್ತಿದರೂ ಎರಡನ್ನೂ ಸೇರಿಸಿಯೇ ಸುತ್ತುತ್ತದೆ. ಬಿಟ್ಟ ಅಸಿಟಿಲೀನ್ ಎಷ್ಟೆಂದು ಗೊತ್ತಿರುವುದರಿಂದ ಮೀಥೇನ್ ಎಷ್ಟೆಂದು ಅನುಪಾತವೇ ಹೇಳುತ್ತದೆ. ಅಸಿಟಿಲೀನ್ ಏನೂ ಅಪರೂಪದ್ದಲ್ಲ. ಕಾಮಾಕ್ಷಿಪಾಳ್ಯದ ಗ್ಯಾಸ್ ವೆಲ್ಡಿಂಗ್ ಶೆಡ್ಡುಗಳಲ್ಲಿ, ಆಮ್ಲಜನಕದ ಸಿಲಿಂಡರಿನ ಪಕ್ಕದಲ್ಲೇ ನಿಂತಿರುತ್ತದೆ.